ಎಡಗಾಲ ಬಳಿಯ ಬಿರುಕು

2024ರ ಮಳೆಗಾಲ ಮುಗಿದು ನವರಾತ್ರಿ ಬರುವ ಹೊತ್ತಿಗೆ ನನ್ನ ಹಳೆಯ ಲ್ಯಾನ್ಸರ್ ಕಾರಿನ ಡಿಕ್ಕಿಯ ಮೇಲಿದ್ದ ಸ್ಪಾಯ್ಲರನ್ನು, ಅಂದರೆ ಅಡ್ಡಲಾಗಿ ಕೂರಿಸಿದ್ದ ರೆಕ್ಕೆಯನ್ನು, ಬಿಚ್ಚಿಸಿದೆ. ಹದಿನಾಲ್ಕು ವರ್ಷ ಅದು ಅಲ್ಲಿಯೇ ಇತ್ತು. ಬಿಚ್ಚಿದ್ದನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಅಟ್ಟದ ಮೇಲೆ ಅಡಿಕೆಚೀಲಗಳ ಪಕ್ಕದಲ್ಲಿ ಧೂಳು ತಿನ್ನುತ್ತ ಬಿದ್ದಿರುವುದೂ ಸರಿಯೆನಿಸಲಿಲ್ಲ. ಇದೇ ಕಾರನ್ನು ಇಂದಿಗೂ ಆಸ್ಥೆಯಿಂದ ಇಟ್ಟುಕೊಂಡಿರುವವರು ನಾಡಿನಲ್ಲಿ ಅಲ್ಲಲ್ಲಿ ಇದ್ದಾರೆ, ಅವರಲ್ಲಿ ಯಾರಿಗಾದರೂ ಸೇರಲಿ ಎಂದುಕೊಂಡು ಆನ್‌ಲೈನಿನಲ್ಲಿ ಮಾರಲು ಹೊರಟೆ. ಎರಡು ಸಾವಿರ ರೂಪಾಯಿಯ ಈ ವಸ್ತು ಕೈಬಿಟ್ಟು ಹೋಗಲು ಏಳು ವಾರ ಹಿಡಿಯಿತು. ಆ ಏಳು ವಾರವೂ ನನ್ನ ತಲೆಯಲ್ಲಿ ಸುತ್ತುತ್ತಿದ್ದದ್ದು ಅದನ್ನು ಡಿಕ್ಕಿಯ ಮೇಲೆ ನಿಲ್ಲಿಸುವ ಕಾಲುಗಳಲ್ಲಿ ಎಡಗಾಲಿನ ಬಳಿ ಇದ್ದ ಒಂದೂವರೆ ಇಂಚಿನ ಒಂದು ಬಿರುಕು.

ಮೊದಲು ಕಾರಿನ ವಿಷಯ ಹೇಳಬೇಕು. ಮಿತ್ಸುಬಿಷಿ ಲ್ಯಾನ್ಸರ್ ನಮ್ಮ ದೇಶಕ್ಕೆ ಬಂದದ್ದು 1998ರಲ್ಲಿ. ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆ ಅದನ್ನು ಚೆನ್ನೈ ಸಮೀಪದ ತಿರುವಳ್ಳೂರಿನ ಕಾರ್ಖಾನೆಯಲ್ಲಿ ತಯಾರಿಸುತ್ತಿತ್ತು. ನನ್ನದು 2003ರ ಗಾಡಿ, ಒಂದೂವರೆ ಲೀಟರಿನ ಪೆಟ್ರೋಲ್ ಎಂಜಿನ್, ಶಿರಸಿಯ ಕೆಎ-31 ನೋಂದಣಿ. 2009ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಈ ಕಾರಿನ ಮೇಲೆ ನನಗೆ ಮೋಹ ಹುಟ್ಟಿದ್ದು ಅದಕ್ಕೂ ಎಷ್ಟೋ ಮೊದಲು. 1996ರಿಂದ 1999ರವರೆಗೆ ಫಿನ್ಲೆಂಡಿನ ಟೊಮಿ ಮ್ಯಾಕಿನೆನ್ ಸತತ ನಾಲ್ಕು ವರ್ಷ ವಿಶ್ವ ರ‍್ಯಾಲಿ ಚಾಂಪಿಯನ್ ಆದದ್ದು ಇದೇ ಲ್ಯಾನ್ಸರಿನ ಪಂದ್ಯದ ರೂಪವಾದ ಲ್ಯಾನ್ಸರ್ ಎವೊಲ್ಯೂಷನ್ ಓಡಿಸಿ. ಆ ಎವೊಲ್ಯೂಷನ್ನಿನ ನಾಲ್ಕು, ಐದು, ಆರನೆಯ ಅವತರಣಿಕೆಗಳಿಗೂ ನಮ್ಮ ರಸ್ತೆಗಳಲ್ಲಿ ಓಡಾಡಿದ ಸಾಧು ಲ್ಯಾನ್ಸರಿಗೂ ಮೈಕಟ್ಟು ಒಂದೇ ಮನೆತನದ್ದು. ಕೆಸರು ಹಾರಿಸುತ್ತ ಗಾಳಿಯಲ್ಲಿ ಎದ್ದ ಆ ಕಾರಿನ ಚಿತ್ರವನ್ನು ಪತ್ರಿಕೆಯಿಂದ ಕತ್ತರಿಸಿ ಕಾಲೇಜಿನ ನೋಟ್‌ಬುಕ್ಕಿನೊಳಗೆ ಇಟ್ಟುಕೊಂಡಿದ್ದೆ. ಚಿತ್ರದಲ್ಲಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಹಿಂದಿನ ಆ ದೊಡ್ಡ ರೆಕ್ಕೆ. ಹಾಗಾಗಿ ಸ್ವಂತ ಲ್ಯಾನ್ಸರ್ ಬಂದ ಮರುವರ್ಷ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ, ಬಣ್ಣವೂ ಸೇರಿ ನಾಲ್ಕೂವರೆ ಸಾವಿರ ಕೊಟ್ಟು, ಫೈಬರಿನ ಒಂದು ಸ್ಪಾಯ್ಲರ್ ಹಾಕಿಸಿಕೊಂಡು ಬಂದೆ.

ಅದು ಕಾರಿನ ಓಟಕ್ಕೆ ಏನೂ ಮಾಡುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಮಾರುವಾಗಲೂ ಜಾಹೀರಾತಿನ ಮೊದಲ ಸಾಲಿನಲ್ಲಿ ಇದನ್ನೇ ಬರೆದೆ. ಕಾರಿನ ಮಾಡಿನ ಮೇಲೆ ಬಾಗಿ ಹರಿಯುವ ಗಾಳಿಯ ವೇಗ ಹೆಚ್ಚುತ್ತದೆ, ಒತ್ತಡ ತಗ್ಗುತ್ತದೆ. ವೇಗ ಏರಿದಂತೆಲ್ಲ ಹಿಂಭಾಗ ಮೇಲಕ್ಕೇಳಲು ನೋಡುತ್ತದೆ, ಹಿಂದಿನ ಚಕ್ರಗಳ ಮೇಲಿನ ಭಾರ ಹಗುರಾಗುತ್ತದೆ. ಆ ಹರಿವನ್ನು ಕೆಡಿಸಿ ಚಕ್ರಗಳನ್ನು ನೆಲಕ್ಕೆ ಹತ್ತಿಸಿಡುವುದು ಸ್ಪಾಯ್ಲರಿನ ಕೆಲಸ, ಕೆಡಿಸುವುದು ಎಂಬುದೇ ಆ ಹೆಸರಿನ ಅರ್ಥ. ಗಾಳಿಯ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ದೇವಿಮನೆ ಘಟ್ಟದ ತಿರುವುಗಳಲ್ಲಿ ಗಂಟೆಗೆ ನಲವತ್ತು ಕಿಲೋಮೀಟರಿನಲ್ಲಿ ಇಳಿಯುವಾಗ ಇರುವ ಬಲ ಎಂಬತ್ತರಲ್ಲಿ ನಾಲ್ಕು ಪಟ್ಟು, ನೂರಿಪ್ಪತ್ತರಲ್ಲಿ ಒಂಬತ್ತು ಪಟ್ಟು. ಜರ್ಮನಿಯಲ್ಲಿ 1998ರಲ್ಲಿ ಹೊರಬಂದ ಆಡಿ ಟಿಟಿ ಕಾರು ಅತಿವೇಗದಲ್ಲಿ ಹಿಡಿತ ತಪ್ಪಿ ಸಾವುಗಳಾದ ಮೇಲೆ, ಮಾರಿದ ಕಾರುಗಳನ್ನೆಲ್ಲ ಹಿಂದಕ್ಕೆ ಕರೆಸಿ ಕಂಪನಿ ಜೋಡಿಸಿದ ವಸ್ತುಗಳಲ್ಲಿ ಹಿಂಬದಿಯ ಒಂದು ಸಣ್ಣ ಸ್ಪಾಯ್ಲರೂ ಇತ್ತು. ಅಂಥ ವೇಗದಲ್ಲಿ ಅದು ಜೀವ ಕಾಯುವ ವಸ್ತು. ಶಿರಸಿಯಿಂದ ಕುಮಟೆಗೆ ಇಳಿಯುವ ನನ್ನಂಥವನಿಗೆ ಅದು ಅಲಂಕಾರ ಮಾತ್ರ, ಆ ಅಲಂಕಾರವನ್ನು ನಾನು ಮನಸಾರೆ ಇಷ್ಟಪಟ್ಟೆ.

ಹಾಗಿದ್ದರೆ ಬಿಚ್ಚಿಸಿದ್ದು ಏಕೆ? ಕಾರಣ ತುಕ್ಕು. ನಡುವೆ ಆರು ವರ್ಷ ಕೆಲಸದ ನಿಮಿತ್ತ ಕಾರವಾರದಲ್ಲಿದ್ದೆ. ಕೋಡಿಬಾಗದ ಬಾಡಿಗೆ ಮನೆಯ ಮುಂದೆ, ಮೇಲೆ ಚಪ್ಪರವೂ ಇಲ್ಲದೆ, ಕಾರು ನಿಲ್ಲುತ್ತಿತ್ತು. ಸಂಜೆ ಕಡಲ ಕಡೆಯಿಂದ ಬರುವ ಗಾಳಿ ಗಾಜಿನ ಮೇಲೆ ತೆಳುವಾದ ಉಪ್ಪಿನ ಪೊರೆಯನ್ನು ಕೂರಿಸಿಹೋಗುತ್ತಿತ್ತು. ಬೆರಳಿಟ್ಟು ಎಳೆದರೆ ಗೆರೆ ಮೂಡುತ್ತಿತ್ತು. ಸ್ಪಾಯ್ಲರ್ ಕೂರಿಸಲು ಡಿಕ್ಕಿಯ ತಗಡಿಗೆ ನಾಲ್ಕು ತೂತು ಕೊರೆದಿದ್ದರು. ಕೊರೆದಲ್ಲಿ ಬಣ್ಣವೂ ಹೋಗಿ, ಅದರ ಕೆಳಗಿನ ಪ್ರೈಮರೂ ಹೋಗಿ, ತಗಡಿನ ಬರಿಯ ಅಂಚು ತೆರೆದುಕೊಳ್ಳುತ್ತದೆ. ಅಲ್ಲಿಗೆ ಪ್ರೈಮರ್ ಸವರಿ, ರಬ್ಬರ್ ಹಾಳೆ ಕೊಟ್ಟು, ಸಿಲಿಕಾನ್ ತುಂಬಿ ಬೋಲ್ಟು ಬಿಗಿಯಬೇಕಿತ್ತು. ಅಂದು ಅವಸರದಲ್ಲಿ ರಬ್ಬರ್ ಒಂದನ್ನೇ ಕೊಟ್ಟರು, ನಾನೂ ಕೇಳಲಿಲ್ಲ. ನೀರು ಕಾಲುಗಳ ಅಡಿಗೆ ನುಸುಳಿ ಅಲ್ಲೇ ನಿಂತಿತು, ನೀರಿಗೆ ಉಪ್ಪು ಸೇರಿದಾಗ ಕಬ್ಬಿಣ ಬೇಗ ಕರಗಿತು. ಹದಿನಾಲ್ಕು ವರ್ಷದ ನಂತರ ಒಂದು ಮಳೆಯ ದಿನ ಡಿಕ್ಕಿಯೊಳಗಿನ ಸ್ಟೆಪ್ನಿಯ ಗುಂಡಿಯಲ್ಲಿ ನೀರು ಕಂಡಾಗಲೇ ನನಗೆ ತಿಳಿದದ್ದು.

ಶಿರಸಿಯ ಟಿಂಕರಿಂಗ್ ಶೆಡ್ಡಿನಲ್ಲಿ ಬೋಲ್ಟು ಬಿಚ್ಚಿದಾಗ ಬಲಗಡೆಯ ಒಂದು ತೂತು ನಾಲ್ಕಾಣೆಯಷ್ಟು ಅಗಲವಾಗಿತ್ತು. ಡಿಕ್ಕಿಯ ತಗಡನ್ನು ಕತ್ತರಿಸಿ ತುಂಡು ಬೆಸೆದು ಸರಿಮಾಡುವುದೆಂದಾಯಿತು. ಮತ್ತೆ ಅದೇ ತಗಡಿಗೆ ತೂತು ಕೊರೆಯಲು ನನ್ನ ಮನಸ್ಸು ಒಪ್ಪಲಿಲ್ಲ. ಸ್ಪಾಯ್ಲರನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ ಶೆಡ್ಡಿನ ಯಜಮಾನರು, ಎಡಗಾಲು ಮೇಲಿನ ಹಲಗೆಗೆ ಸೇರುವಲ್ಲಿ ಉಗುರಿನಿಂದ ಗೀಚಿ ಬಿರುಕನ್ನು ತೋರಿಸಿದರು. “ಮಾರೂದಾದ್ರೆ ಹೇಳಿ ಮಾರಾಯ್ರೆ, ಪುಟ್ಟಿ ಹಚ್ಚಿ ಒಂದು ಕೋಟ್ ಹೊಡೆದುಕೊಡ್ತೆ, ಆರುನೂರಾಗ್ತದೆ. ಮೂರೂವರೆ ಸಾವಿರಕ್ಕೆ ಹೋಗ್ತದೆ” ಎಂದರು. ಅವರು ಕೆಟ್ಟ ಉದ್ದೇಶದಿಂದ ಹೇಳಿದ್ದಲ್ಲ. ಮಾರುವ ವಸ್ತುವನ್ನು ಚಂದ ಮಾಡಿ ಮಾರುವುದು ಅವರ ಕಸುಬಿನಲ್ಲಿ ಸಹಜ. ನಾನು ಹಾಗೆಯೇ ತೆಗೆದುಕೊಂಡು ಬಂದೆ.

ಪುಟ್ಟಿಯ ಕೆಳಗೆ ಏನಿರುತ್ತದೆ ಎಂಬುದನ್ನು ನಾನು ಒಮ್ಮೆ ಅನುಭವಿಸಿದ್ದೇನೆ. ಕಾರು ಕೊಂಡ ಹೊಸತರಲ್ಲಿ, ಚಿತ್ರ ನೋಡಿ, ಫೋನಿನಲ್ಲಿ ಮಾತಾಡಿ, ದೂರದ ಊರಿನ ಒಬ್ಬರಿಂದ ನಾಲ್ಕು ಅಲಾಯ್ ವೀಲ್ ತರಿಸಿದ್ದೆ. ಹೊಚ್ಚ ಹೊಸದರಂತೆ ಹೊಳೆಯುತ್ತಿದ್ದವು. ಮೂರನೆಯ ತಿಂಗಳಲ್ಲಿ ಒಂದು ಟಯರಿನ ಗಾಳಿ ಪದೇ ಪದೇ ಇಳಿಯತೊಡಗಿದಾಗ ಕುಮಟೆಯ ಪಂಕ್ಚರ್ ಅಂಗಡಿಯವರು ವೀಲನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಒಳಬದಿಯ ಅಂಚಿನಿಂದ ಗುಳ್ಳೆ ಸಾಲಾಗಿ ಎದ್ದವು. ಬಣ್ಣ ಕೆರೆದಾಗ ಬಿರುಕಿಗೆ ವೆಲ್ಡಿಂಗ್ ಹಾಕಿ, ತಿಕ್ಕಿ, ಮೇಲೆ ಬಣ್ಣ ಹೊಡೆದದ್ದು ಕಂಡಿತು. ಅದೇ ವೀಲಿನ ಮೇಲೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ನಾನು ಅರಬೈಲ್ ಘಟ್ಟ ಹತ್ತಿ ಇಳಿದಿದ್ದೆ. ಮಾರಿದವರು ಆಮೇಲೆ ಫೋನ್ ಎತ್ತಲಿಲ್ಲ. ಹಣಕ್ಕಿಂತಲೂ ನನ್ನನ್ನು ಕಾಡಿದ್ದು ಅವರು ನನ್ನೊಡನೆ ಅರ್ಧ ಗಂಟೆ ಲ್ಯಾನ್ಸರಿನ ಗುಣಗಾನ ಮಾಡಿದ್ದರು ಎಂಬ ಸಂಗತಿ. ಒಂದೇ ವಸ್ತುವನ್ನು ಇಬ್ಬರೂ ಪ್ರೀತಿಸುತ್ತೇವೆಂದ ಮೇಲೆ ಕೊಳ್ಳುವವನು ಅರ್ಧ ಪರೀಕ್ಷೆಯನ್ನು ತಾನಾಗಿಯೇ ಬಿಟ್ಟುಕೊಡುತ್ತಾನೆ. ಅಪರಿಚಿತ ವ್ಯಾಪಾರಿಯೊಡನೆ ಕೇಳುವ ಪ್ರಶ್ನೆಗಳನ್ನು ಅವನು ಇಲ್ಲಿ ಕೇಳುವುದಿಲ್ಲ. ಹಾಗೆ ಬಿಟ್ಟುಕೊಟ್ಟದ್ದನ್ನು ಮಾರುವವನು ತಾನೇ ಮಾಡಿ ಮುಗಿಸಬೇಕು ಎಂಬುದು ಅಂದಿನಿಂದ ನನ್ನ ಗಟ್ಟಿ ಅಭಿಪ್ರಾಯ.

ಆದ್ದರಿಂದ ಸ್ಪಾಯ್ಲರನ್ನು ಅಂಗಳದಲ್ಲಿ ಎರಡು ಅಡಿಕೆ ಹಾಳೆಯ ಮೇಲೆ ಮಗುಚಿಟ್ಟು ಪರೀಕ್ಷೆಗೆ ಕುಳಿತೆ. ಫೈಬರ್ ಎಂದು ನಾವು ಕರೆಯುವುದು ಗಾಜಿನ ಎಳೆಗಳ ಚಾಪೆಗೆ ರಾಳ ಹಾಕಿ ಅಚ್ಚಿನಲ್ಲಿ ಒಣಗಿಸಿದ ವಸ್ತು. ಮಗುಚಿದರೆ ಒಳಮೈಯಲ್ಲಿ ಆ ಎಳೆಗಳು ಒಣಹುಲ್ಲು ಚೆಲ್ಲಿದಂತೆ ಕಾಣುತ್ತವೆ. ಕಂಪನಿಯವರು ಬಳಸುವ ಎಬಿಎಸ್ ಪ್ಲಾಸ್ಟಿಕ್ಕಾದರೆ ಒಳಮೈಯೂ ನುಣುಪಾಗಿರುತ್ತದೆ. ಹಾಗಾಗಿ ಇದು ಕಂಪನಿಯದ್ದಲ್ಲವೆಂದು ಯಾರಿಗಾದರೂ ಒಂದೇ ಚಿತ್ರದಲ್ಲಿ ತೋರಿಸಬಹುದು. ಫೈಬರಿನ ಬಿರುಕಿನಲ್ಲಿ ಎರಡು ಬಗೆ: ಮೇಲಿನ ಗಟ್ಟಿ ಪದರ ಮಾತ್ರ ಸೀಳಿದ್ದು ಒಂದು, ಒಳಗಿನ ಚಾಪೆಯೇ ಬಿಟ್ಟುಕೊಂಡದ್ದು ಇನ್ನೊಂದು. ಯಾವುದೆಂದು ತಿಳಿಯಲು ನಾಣ್ಯದಿಂದ ಬಡಿದು ಕೇಳಬೇಕು. ಹಲಸಿನಕಾಯಿ ಬಲಿತಿದೆಯೋ ಇಲ್ಲವೋ ಎಂದು ಬಡಿದು ನೋಡುವ ಕೈಗೆ ಇದು ಹೊಸದೇನಲ್ಲ. ಒಂದು ರೂಪಾಯಿಯ ನಾಣ್ಯ ಹಿಡಿದು ಬಲ ತುದಿಯಿಂದ ಅರ್ಧ ಇಂಚಿಗೊಮ್ಮೆ ಬಡಿಯುತ್ತ ಬಂದೆ. ಟಣ್ ಟಣ್ ಎಂದು ತೀಕ್ಷ್ಣವಾಗಿ ಬರುತ್ತಿದ್ದ ಸದ್ದು ಎಡಗಾಲಿನ ಬಳಿ ಬಂದೊಡನೆ ಬೊದ್ದು ಬೊದ್ದಾಯಿತು. ಬಿರುಕಿನಾಚೆಗೂ ಎರಡು ಬೆರಳಗಲದವರೆಗೆ ಅದೇ ಸದ್ದು. ಒಳಗಿನ ಪದರಗಳು ಬಿಟ್ಟಿದ್ದವು. ಆರುನೂರು ರೂಪಾಯಿಯ ಪುಟ್ಟಿ ಅದರ ಮೇಲೆ ಕುಳಿತಿದ್ದರೆ ಕೊಂಡವನ ಡಿಕ್ಕಿ ಬಾಗಿಲು ನೂರು ಸಲ ಬಡಿದುಕೊಳ್ಳುವಷ್ಟರಲ್ಲಿ ಮತ್ತೆ ಸೀಳುತ್ತಿತ್ತು; ಹೆದ್ದಾರಿಯಲ್ಲಿ ಕಿತ್ತುಕೊಂಡು ಹಾರಿದರೆ ಹಿಂದೆ ಬರುವ ಬೈಕಿನವನ ಗತಿ ಏನು?

ಬೊದ್ದು ಸದ್ದು ಬರುವ ಜಾಗಕ್ಕೆ ಸೀಮೆಸುಣ್ಣದಿಂದ ಗೆರೆ ಹಾಕಿ, ಪಕ್ಕದಲ್ಲಿ ಸ್ಕೇಲ್ ಇಟ್ಟು, ಬೆಳಗಿನ ಓರೆ ಬಿಸಿಲಿನಲ್ಲಿ ಚಿತ್ರ ತೆಗೆದೆ. ನೆತ್ತಿಯ ಬಿಸಿಲಿನಲ್ಲಿ ತೆಗೆದರೆ ಗೀರುಗಳು ಕಾಣುವುದಿಲ್ಲ. ಒಟ್ಟು ಹದಿನೇಳು ಚಿತ್ರಗಳಲ್ಲಿ ಒಂಬತ್ತು ಒಳಮೈಯದ್ದು. ಬಣ್ಣದ ಮೇಲಿನ ಹೊಳಪಿನ ಲ್ಯಾಕರ್ ಎದ್ದು ಹೋದ ಬಲ ತುದಿ, ಮೂರನೆಯ ಬ್ರೇಕ್ ಲೈಟಿನಲ್ಲಿ ಉರಿಯದ ಮೂರು ಎಲ್‌ಇಡಿ, ತುಕ್ಕು ಹಿಡಿದ ಎರಡು ಬೋಲ್ಟು, ಎಲ್ಲವನ್ನೂ ಸೇರಿಸಿದೆ. ಬೆಲೆ ಎರಡು ಸಾವಿರ ಎಂದೂ, ಬಿರುಕನ್ನು ಒಳಗಿನಿಂದ ಚಾಪೆ ಹಾಕಿ ಸರಿಪಡಿಸದೆ ಕೂರಿಸಬಾರದೆಂದೂ ಬರೆದೆ. ಕಾನೂನಿನ ಮಾತನ್ನೂ ಬಿಡಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಮಾರ್ಪಾಡಿಗೆ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಎಂದಾಯಿತು. 2010ರಲ್ಲಿ ನಾನು ಇದನ್ನೆಲ್ಲ ಯೋಚಿಸಿದವನಲ್ಲ. ಈಗ ಕೊಳ್ಳುವವನು ತಿಳಿದೇ ಕೊಳ್ಳಬೇಕು.

ಜಾಹೀರಾತು ಹಾಕಿದ ಅರ್ಧ ಗಂಟೆಯೊಳಗೆ ಬಂದ ಮೊದಲ ಕರೆ ಸೈನ್ಯದಲ್ಲಿದ್ದೇನೆ ಎನ್ನುವವರದು. ಚಿತ್ರ ನೋಡಲಿಲ್ಲ, ಚೌಕಾಸಿ ಮಾಡಲಿಲ್ಲ, ಹಣ ಕಳಿಸುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದರು. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ, ಪಿನ್ ಒತ್ತಿದರೆ ಹಣ ಹೋಗುವುದೇ ಹೊರತು ಬರುವುದಿಲ್ಲ. ಸೈನಿಕರ ಹೆಸರಿನಲ್ಲಿ ಈ ಮೋಸ ನಡೆಯುತ್ತಿರುವುದು ಎಲ್ಲರಿಗೂ ಗೊತ್ತಿರುವಂಥದ್ದೇ ಆದರೂ ಹೊಸದಾಗಿ ಮಾರಲು ಹೊರಟವರಿಗಾಗಿ ಹೇಳಿದೆ.

ಎರಡನೆಯವರು ಮೈಸೂರಿನವರು, ನಿಜವಾದ ಆಸಕ್ತರು. ಬಿರುಕಿನ ಚಿತ್ರ ನೋಡಿಯೂ ಮುಂಗಡ ಕಳಿಸಲು ಸಿದ್ಧರಿದ್ದರು. ಮಾತು ಮುಂದುವರಿದಾಗ ಅವರದು ಸೀಡಿಯಾ ಎಂದು ತಿಳಿಯಿತು. ಅದು ಲ್ಯಾನ್ಸರಿನ ಮುಂದಿನ ತಲೆಮಾರು, ಡಿಕ್ಕಿಯ ಅಗಲವೂ ಬಾಗೂ ಬೇರೆ. “ಹೇಗಾದರೂ ಕೂರಿಸಿಕೊಳ್ಳುತ್ತೇನೆ, ಸರ್” ಎಂದರು. ಕಾಲುಗಳು ತಗಡಿನ ಮೇಲೆ ಸಮನಾಗಿ ಕೂರದಿದ್ದರೆ ಅಡಿಯಲ್ಲಿ ನೀರು ನಿಲ್ಲುವುದು ಖಂಡಿತ, ನನ್ನ ಡಿಕ್ಕಿಗೆ ಆದದ್ದೇ ಅವರದಕ್ಕೂ ಆಗುತ್ತಿತ್ತು. ಕೊಡಲಾರೆ ಎಂದೆ. ಅವರು ಬೇಸರಗೊಂಡರು, ನನಗೂ ಕಷ್ಟವೆನಿಸಿತು. ಐದು ವಾರ ಮತ್ತೆ ಯಾರೂ ಕೇಳಲಿಲ್ಲ.

ಆರನೆಯ ವಾರ ಹುಬ್ಬಳ್ಳಿಯ ತರುಣನೊಬ್ಬ ಬರೆದ. ಅವನ ಮೊದಲ ಸಂದೇಶವೇ ನನಗೆ ಹಿಡಿಸಿತು. “ಅಣ್ಣಾರ, ಆ ಬಿರುಕಿನ ಒಳಗಿನ ಫೋಟೋ ಇನ್ನೊಂದ್ ಸ್ವಲ್ಪ ಹತ್ತಿರದಿಂದ ತೆಗದ್ ಕಳಸ್ರಿ” ಎಂದಿದ್ದ. ಅವನದೂ ಪೆಟ್ರೋಲ್ ಲ್ಯಾನ್ಸರ್. ಹಿಂದಿನ ಮಾಲೀಕರು ಇದೇ ಬಗೆಯ ಸ್ಪಾಯ್ಲರ್ ಹಾಕಿಸಿ, ಕಾರು ಮಾರುವಾಗ ಬಿಚ್ಚಿಕೊಂಡು ಹೋಗಿದ್ದರಂತೆ. ಡಿಕ್ಕಿಯ ಮೇಲೆ ನಾಲ್ಕು ತೂತು ಉಳಿದಿದ್ದವು, ರಬ್ಬರ್ ಬಿರಡೆ ತುರುಕಿದ್ದರೂ ಮಳೆಗೆ ಸೋರುತ್ತಿತ್ತು. ತೂತುಗಳಿಗೆ ಸರಿಹೊಂದುವ ಸ್ಪಾಯ್ಲರನ್ನು ಅವನು ಎರಡು ವರ್ಷದಿಂದ ಹುಡುಕುತ್ತಿದ್ದ. ಹೊಸದಾಗಿ ತೂತು ಕೊರೆಯುವ ಪ್ರಶ್ನೆಯೇ ಅವನಿಗಿರಲಿಲ್ಲ, ಇರುವ ತೂತು ಮುಚ್ಚಬೇಕಿತ್ತು.

ಅಳತೆಯನ್ನು ಫೋನಿನಲ್ಲಿ ಹೇಳಿ ನಂಬಿಸಲು ನನಗೆ ಧೈರ್ಯ ಬರಲಿಲ್ಲ. ಹಳೆಯ ದಿನಪತ್ರಿಕೆಯ ಹಾಳೆಗಳನ್ನು ಉದ್ದಕ್ಕೆ ಅಂಟಿಸಿ, ಮಗುಚಿದ ಸ್ಪಾಯ್ಲರಿನ ಮೇಲೆ ಹರಡಿ, ಬೋಲ್ಟು ಇರುವಲ್ಲಿ ಬೆರಳಿನಿಂದ ಒತ್ತಿ ತೂತು ಮಾಡಿ, ಕಾಲುಗಳ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದೆ. ದರ್ಜಿಯವರು ಅಂಗಿಗೆ ಮಾದರಿ ಕತ್ತರಿಸುವಂತೆ ಕತ್ತರಿಸಿ, “ಎಡ”, “ಬಲ”, “ಗಾಜಿನ ಕಡೆ” ಎಂದು ಬರೆದು, ಮಡಚಿ ಲಕೋಟೆಯಲ್ಲಿಟ್ಟು ಅಂಚೆಗೆ ಹಾಕಿದೆ. ನಾಲ್ಕನೆಯ ದಿನ ಅವನ ವಿಡಿಯೋ ಬಂತು. ಕೆಂಪು ಲ್ಯಾನ್ಸರಿನ ಡಿಕ್ಕಿಯ ಮೇಲೆ ನನ್ನ ಪತ್ರಿಕೆ ಹರಡಿತ್ತು, ಗಾಳಿಗೆ ಹಾರದಂತೆ ಎರಡು ಮೂಲೆಗೆ ನಾಣ್ಯ ಇಟ್ಟಿದ್ದ. ಮೂರು ತೂತು ಕೂದಲೆಳೆಯಷ್ಟೂ ತಪ್ಪದೆ ಕೂತಿದ್ದವು, ನಾಲ್ಕನೆಯದು ಸುಮಾರು ನಾಲ್ಕು ಮಿಲಿಮೀಟರ್ ಬಲಕ್ಕಿತ್ತು. ಫೈಬರಿನಲ್ಲಿ ಬೋಲ್ಟಿನ ಜಾಗವನ್ನೇ ಸ್ವಲ್ಪ ಸರಿಸಿ ಕೂರಿಸಬಹುದಾದ ವ್ಯತ್ಯಾಸ ಅದು. ಎರಡೂ ಒಂದೇ ಅಚ್ಚಿನಲ್ಲಿ ಹುಟ್ಟಿದ್ದಿರಬೇಕು ಎಂದು ಇಬ್ಬರೂ ಅಂದುಕೊಂಡೆವು.

ಕಳಿಸುವ ಲೆಕ್ಕಕ್ಕೆ ಕುಳಿತಾಗ ಇನ್ನೊಂದು ತೊಡಕು ಕಂಡಿತು. ಸ್ಪಾಯ್ಲರಿನ ತೂಕ ನಾಲ್ಕೂವರೆ ಕಿಲೋ. ಆದರೆ ಕೊರಿಯರಿನವರು ಹಗುರಾದ ದೊಡ್ಡ ಪೆಟ್ಟಿಗೆಗೆ ತಕ್ಕಡಿಯ ತೂಕ ಹಿಡಿಯುವುದಿಲ್ಲ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸಿ ಬಂದದ್ದನ್ನು ಕಿಲೋ ಎಂದು ಎಣಿಸುತ್ತಾರೆ. 140, 35, 25ರ ಪೆಟ್ಟಿಗೆಗೆ ಅದು ಇಪ್ಪತ್ನಾಲ್ಕೂವರೆ ಕಿಲೋ ಆಯಿತು. ಮೇಲಾಗಿ ಬಿರುಕು ಬಿಟ್ಟ ಕಾಲು ದಾರಿಯಲ್ಲಿ ಮುರಿದರೆ ಯಾರನ್ನು ಕೇಳುವುದು? ಹುಬ್ಬಳ್ಳಿಯಿಂದ ಶಿರಸಿಗೆ ನೂರು ಕಿಲೋಮೀಟರ್ ಆಸುಪಾಸು. “ನಾನ ಬರ್ತೀನ್ರಿ, ಗಾಡಿನೂ ನೋಡಿದಂಗಾತು” ಎಂದ.

ಭಾನುವಾರ ಹನ್ನೊಂದರ ಹೊತ್ತಿಗೆ ಅವನ ಕೆಂಪು ಲ್ಯಾನ್ಸರ್ ನಮ್ಮ ಅಂಗಳದಲ್ಲಿ ನನ್ನ ಬೆಳ್ಳಿ ಬಣ್ಣದ ಕಾರಿನ ಪಕ್ಕ ನಿಂತಿತು. ಈ ಕಾರಿನ ಜೋಡಿಯನ್ನು ನಮ್ಮೂರಿನಲ್ಲಿ ನಾನು ಕಂಡದ್ದು ಎಷ್ಟು ವರ್ಷಗಳ ಮೇಲೋ. ಹೆಂಡತಿ ಕೋಕಂ ಪಾನಕ ತಂದಿಟ್ಟರೂ ಅವನು ಮುಟ್ಟಲಿಲ್ಲ, ಮೊದಲು ಕೈಯೊಡ್ಡಿದ್ದು ನಾಣ್ಯಕ್ಕೆ. ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ನಾನು ಬಡಿದಂತೆಯೇ ಬಲ ತುದಿಯಿಂದ ಬಡಿಯುತ್ತ ಬಂದು, ಸೀಮೆಸುಣ್ಣದ ಗೆರೆಯ ಬಳಿ ನಿಲ್ಲಿಸಿದ. ಮತ್ತೆರಡು ಸಲ ಬಡಿದು ಗೆರೆಯನ್ನು ಅರ್ಧ ಇಂಚು ಆಚೆಗೆ ತಾನೇ ಎಳೆದ. ನನ್ನ ಕಿವಿ ತಪ್ಪಿತ್ತು, ಅವನದು ಸರಿ. ಇನ್ನೂರು ಕಡಿಮೆ ಮಾಡಿ ಎಂದು ನಾನೇ ಹೇಳಿದೆ. ಅವನು ಒಪ್ಪದೆ ಎರಡು ಸಾವಿರವನ್ನೇ ಕೈಗಿಟ್ಟ. ರಬ್ಬರ್ ಬಿರಡೆಗಳನ್ನು ಕಿತ್ತು ಡಿಕ್ಕಿಯ ಮೇಲೆ ಸುಮ್ಮನೆ ಕೂರಿಸಿ ನೋಡಿದೆವು, ಕೆಂಪು ಕಾರಿನ ಮೇಲೆ ಬೆಳ್ಳಿ ರೆಕ್ಕೆ. ಇಬ್ಬರೂ ಹತ್ತು ಹೆಜ್ಜೆ ಹಿಂದೆ ಸರಿದು ಬಹಳ ಹೊತ್ತು ನೋಡಿದೆವು.

ಬಿಗಿಯುವ ಮೊದಲು ತೂತುಗಳ ಅಂಚಿಗೆ ಪ್ರೈಮರ್ ಸವರಿ ಒಂದು ದಿನ ಒಣಗಿಸಲು ಹೇಳಿ, ನನ್ನ ಡಿಕ್ಕಿಯಿಂದ ಕತ್ತರಿಸಿ ತೆಗೆದಿದ್ದ ತುಕ್ಕಿನ ತಗಡಿನ ತುಂಡನ್ನು ಅವನ ಕೈಗೆ ಕೊಟ್ಟೆ. ಅದನ್ನು ಬೆಳಕಿಗೆ ಹಿಡಿದು ನೋಡಿ ಕಿಸೆಗೆ ಹಾಕಿಕೊಂಡ. ಸ್ಪಾಯ್ಲರಿನ ಕಾಲುಗಳಿಗೆ ನೆನೆಸಿದ ಅಡಿಕೆ ಹಾಳೆ ಸುತ್ತಿ, ಉದ್ದಕ್ಕೂ ಎರಡು ಅಡಿಕೆ ದಬ್ಬೆ ಕೊಟ್ಟು ಸುತಳಿಯಿಂದ ಕಟ್ಟಿ, ಗೋಣಿಯಲ್ಲಿ ಹಾಕಿ ಹಿಂದಿನ ಸೀಟಿನ ಮೇಲೆ ಅಡ್ಡಲಾಗಿ ಇಟ್ಟೆವು.

ಒಂದು ತಿಂಗಳ ಮೇಲೆ ಅವನಿಂದ ಒಂದೇ ಒಂದು ಚಿತ್ರ ಬಂತು. ಬಣ್ಣ ಹೊಡೆದು ಕೂರಿಸಿದ ಕಾರಿನದ್ದಿರಬೇಕೆಂದು ತೆರೆದೆ. ಸ್ಪಾಯ್ಲರ್ ಇನ್ನೂ ಮಗುಚಿಯೇ ಇತ್ತು. ಎಡಗಾಲಿನ ಒಳಗೆ, ಅವನು ಎಳೆದ ಗೆರೆಯನ್ನೂ ದಾಟಿ ಒಂದಿಂಚಿನವರೆಗೆ, ಹೊಸ ಚಾಪೆಯ ಎಳೆಗಳು ರಾಳದಲ್ಲಿ ನೆನೆದು ಹೊಳೆಯುತ್ತಿದ್ದವು, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟಿದ್ದ.